ಗ್ರಾಹಕರಿಂದ ಆಕ್ಷೇಪಣೆ ಬಂದಿಲ್ಲ

ನಮ್ಮ ಮನೆಗೆ ಇಂಟರ್ನೆಟ್ ಕೊಟ್ಟಿದ್ದೇವೆಂದು ಇಂದಿಗೂ ನಂಬಿರುವ ಕಂಪನಿಯ ದೂರು ಪರಿಹಾರ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಹೊನ್ನಾವರ ತಾಲೂಕು ಕಾಸರಕೋಡದ ನಿವಾಸಿ, ಐಸ್ ಕಾರ್ಖಾನೆಯ ಗುಮಾಸ್ತ ರವೀಂದ್ರ ಮೊಗೇರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ಬಸ್ ನಿಲ್ದಾಣದೆದುರಿನ ತಮ್ಮ ಜಾಹೀರಾತು ಫಲಕದಿಂದ ದಿನಾ ತಿಳಿಯುತ್ತಿರುವುದರಿಂದ ಪ್ರತ್ಯೇಕವಾಗಿ ವಿಚಾರಿಸುವುದಿಲ್ಲ. ಹಿಂದಿನ ಮೂರು ದೂರುಗಳನ್ನು ತಾವು ಮುಚ್ಚಿರುವುದರಿಂದ ಇದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ತಮ್ಮ ಸೇವೆ ನಿಂತು ಇಂದಿಗೆ ಹನ್ನೆರಡು ದಿನ. ಕಾರಣ ಹುಡುಕುವ ಶ್ರಮ ತಮಗಾಗಬಾರದೆಂದು ಮೊದಲ ದಿನವೇ ಅದನ್ನು ತಿಳಿಸಿದ್ದೆ. ದೀಪಾವಳಿಯ ನಂತರ ತಂತಿ ಎಳೆಯಲು ಬಂದ ತಮ್ಮ ಕೆಲಸಗಾರರು, ಕಂಬ ಸಾಲಲಿಲ್ಲವೆಂದು ಪಕ್ಕದ ಮನೆಯ ಗಂಗಿ ಮೀನು ಒಣಗಿಸಲು ನೆಟ್ಟಿದ್ದ ಬಿದಿರಿನ ಗಳಕ್ಕೇ ಅದನ್ನು ಕಟ್ಟಿ, ನಾಲ್ಕು ದಿನದಲ್ಲಿ ಬಂದು ಸರಿಪಡಿಸುವುದಾಗಿ ಹೇಳಿ ಹೋದರು. ಮಳೆ ಹಿಡಿಯುವ ಮುಂಚೆ ಆ ಗಳಗಳನ್ನು ಕಿತ್ತು ಒಳಗಿಡುವುದು ನಮ್ಮ ಕೇರಿಯ ಪದ್ಧತಿ. ಗಂಗಿ ಜೂನ್ ತಿಂಗಳವರೆಗೂ ತಮ್ಮ ದಾರಿ ಕಾದು ಕೊನೆಗೆ ಕಿತ್ತಳು. ನೆಲಕ್ಕೆ ಬಿದ್ದ ತಂತಿಯ ಮೇಲೆ ಬಲೆ ಹೇರಿದ ರಿಕ್ಷಾ ಹಾಯ್ದು ಅದು ತುಂಡಾಯಿತು. ಎರಡೂ ತುದಿಗಳು ನಮ್ಮ ಅಂಗಳದಲ್ಲಿವೆ. ಒಂದನ್ನು ಬೆಕ್ಕು ಆಡಿಸುತ್ತಿದೆ.

ಇಷ್ಟು ಕೇಳಿಯೂ ದುಡುಕದ ತಮ್ಮ ಸಿಬ್ಬಂದಿಯ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಫೋನಿನಲ್ಲಿ, ಮನೆಯೊಳಗಿನ ಇಂಟರ್ನೆಟ್ ಪೆಟ್ಟಿಗೆಯ ದೀಪ ಯಾವ ಬಣ್ಣವೆಂದರು, ಕೆಂಪು ಎಂದೆ. ಆರಿಸಿ ಹಚ್ಚಿ ಎಂದರು, ಆರಿಸಿ ಹಚ್ಚಿದೆ. ಹಿಂದಿನ ತೂತಿಗೆ ಪಿನ್ನು ಒತ್ತಿ ಹತ್ತು ಎಣಿಸಿ ಎಂದರು, ತಪ್ಪದೆ ಎಣಿಸಿದೆ. ತಂತಿಯೇ ತುಂಡಾಗಿದೆಯೆಂದು ನಡುವೆ ಬಾಯಿ ಹಾಕಿದಾಗ, ಆ ಹಂತ ಇನ್ನೂ ಬಂದಿಲ್ಲವೆಂದು ಸಮಾಧಾನದಿಂದ ತಿಳಿಹೇಳಿದರು. ಐದನೆಯ ದಿನ, ಪೆಟ್ಟಿಗೆಯನ್ನು ಗಾಳಿಯಾಡುವಲ್ಲಿ ಇಡಬೇಕೆಂಬ ಸಲಹೆ ಬಂತು. ಈಗ ಅದು ಮನೆಯಲ್ಲಿ ಎಲ್ಲರಿಗಿಂತ ಸುಖವಾಗಿ ಫ್ಯಾನಿನ ಕೆಳಗಿದೆ.

ಸಿನೆಮಾ ನೋಡುವುದು ತಪ್ಪಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ನನ್ನ ತಂಗಿ ವಿನುತಾಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತೂ ಬಾರದು. ಮಡಗಾಂವಿನಲ್ಲಿ ಗಂಡನ ಮನೆಯಲ್ಲಿರುವ ಅವಳಿಗೆ ಈಗ ಎಂಟು ತಿಂಗಳು ತುಂಬಿದೆ. ನಮ್ಮ ತಾಯಿ ಈರಮ್ಮನಿಗೆ ಓದು ಬಾರದು. ಇಬ್ಬರೂ ದಿನಾ ಸಂಜೆ ಫೋನಿನಲ್ಲಿ ಮುಖ ನೋಡುತ್ತ ಕೈಗಳಲ್ಲೇ ಮಾತಾಡುತ್ತಿದ್ದರು. ವಿನುತಾ ನನಗೆ ಸಂದೇಶ ಬರೆಯುತ್ತಾಳೆ, ನಾನು ಅಮ್ಮನಿಗೆ ಓದಿ ಹೇಳುತ್ತೇನೆ. ಆದರೆ ಬಸುರಿಯಾದವಳು ತಾಯಿಗೆ ಹೇಳುವುದನ್ನೆಲ್ಲ ಅಣ್ಣನಿಗೆ ಬರೆಯುತ್ತಾಳೆಯೇ? ಹನ್ನೆರಡು ದಿನದಿಂದ 'ಆರಾಮು' ಎಂಬ ಒಂದೇ ಶಬ್ದ ಬರುತ್ತಿದೆ. ಅಮ್ಮನಿಗೆ ಅದರ ಮೇಲೆ ನಂಬಿಕೆಯಿಲ್ಲ. ನಿಜ ಹೇಳುವುದಾದರೆ ನನಗೂ ಇಲ್ಲ. ಅಮ್ಮ ಹೊರಡಬೇಕಾದ ರೈಲಿಗೆ ಇನ್ನೂ ಒಂದು ವಾರವಿದೆ, ಅವಳು ಈಗಲೇ ಅರೆಹೊಟ್ಟೆ ಉಣ್ಣುತ್ತಿದ್ದಾಳೆ.

ಮೊಬೈಲ್ ಡೇಟಾ ಬಳಸಿ ಎಂಬ ತಮ್ಮ ಅಪ್ಪಣೆಯನ್ನೂ ಪಾಲಿಸಿದೆವು. ಮನೆಯೊಳಗೆ ಚಿತ್ರ ನಿಂತುಬಿಡುತ್ತದೆ. ಕೈ ಅರ್ಧಕ್ಕೆ ನಿಂತರೆ ಮಾತೂ ಅರ್ಧಕ್ಕೆ ನಿಲ್ಲುತ್ತದೆ. ನಾನು ಕೆಲಸಕ್ಕೆ ಹೋದಾಗ ಅಮ್ಮ ಒಬ್ಬಳೇ ಸಿಗ್ನಲ್ ಸಿಗುವ ಬಂದರದ ರಸ್ತೆಗೆ ಹೋಗಿ, ನೆನೆದು ತಿರುಗಿ ಬಂದಳು. "ಒಂದ್ ಕೈಲಿ ಕೊಡೆ, ಒಂದ್ ಕೈಲಿ ಫೋನು, ಮಾತಾಡುದು ಯಾವ ಕೈಲೋ?" ಎಂದು ನನ್ನನ್ನೇ ಬೈದಳು. ರವಿವಾರ ನಾನೇ ಹೋಗಿ ಕೊಡೆ ಹಿಡಿದೆ. ಅಣ್ಣ ಪಕ್ಕದಲ್ಲಿ ನಿಂತಿರುವುದನ್ನು ಕಂಡ ವಿನುತಾ, ಕೈಯಲ್ಲೂ 'ಆರಾಮು' ಎಂದಷ್ಟೇ ಹೇಳಿದಳು.

ಇನ್ನು ತಾವು ದೂರು ಮುಚ್ಚುವ ಚಾತುರ್ಯ. ಅಮ್ಮನೊಡನೆ ಮಾತಾಡಲೆಂದೇ ದೀಪಾವಳಿಗೆ ಬಂದಾಗ ವಿನುತಾ ಹಾಕಿಸಿದ ಸಂಪರ್ಕವಿದು, ಹೆಸರೂ ಅವಳದು, ನಂಬರೂ ಅವಳದು. ಆದಕಾರಣ ತಾವು ನಿಯಮದಂತೆ ಅವಳಿಗೇ ಕರೆ ಮಾಡುತ್ತೀರಿ. ಅದುರುವ ಫೋನನ್ನು ಅವಳು ಎತ್ತುತ್ತಾಳೆ, ಅಮ್ಮನ ಮುಖ ಬರಬಹುದೆಂದು ನೋಡುತ್ತಾಳೆ, ಬಾರದ್ದರಿಂದ ಇಡುತ್ತಾಳೆ. ಕೂಡಲೇ ತಮ್ಮ ಟಿಪ್ಪಣಿ ಬರುತ್ತದೆ: 'ಸಂಪರ್ಕಿಸಲಾಗಿದೆ. ಗ್ರಾಹಕರಿಂದ ಆಕ್ಷೇಪಣೆ ಬಂದಿಲ್ಲ. ದೂರು ಮುಕ್ತಾಯ.' ಅವಳಿಗೆ ಕಿವಿ ಕೇಳಿಸದು ಎಂದು ನಾನು ವಿವರಿಸಿದಾಗ, ಹಾಗಿದ್ದರೆ ಅದನ್ನು ಅವರೇ ಫೋನ್ ಮಾಡಿ ತಿಳಿಸಲಿ ಎಂದಿರಿ. ನನಗೆ ಅಂದು ಬಂದ ಸಿಟ್ಟನ್ನು ಲಿಖಿತ ಕನ್ನಡದಲ್ಲಿ ಹೇಳಲಾಗದು.

ಆದ್ದರಿಂದ ತಮ್ಮಲ್ಲಿ ನಮ್ರ ಬಿನ್ನಹ: ಆ ತಂತಿಯನ್ನು ಜೋಡಿಸಿಕೊಡಿ. ಅದು ತಮ್ಮ ಘನತೆಗೆ ಕಡಿಮೆಯೆನಿಸಿದರೆ ಕಂಬ ಬರುವ ತನಕ ಮಳೆಗಾಲವನ್ನು ಮುಂದೂಡಿಸಿ, ಗಂಗಿಯ ಬಂಗಡೆಯಾದರೂ ಒಣಗಲಿ. ಅದೂ ಸಾಧ್ಯವಾಗದಿದ್ದರೆ ಹುಟ್ಟಲಿರುವ ಮಗುವಿಗೆ ತಮ್ಮ ಕಚೇರಿಯಿಂದ ಒಂದು ನೋಟೀಸು ಕಳಿಸಿ, ದೂರು ಇತ್ಯರ್ಥವಾಗುವವರೆಗೆ ಇದ್ದಲ್ಲೇ ಇರಲು ಸೂಚಿಸಿ.

ತಮ್ಮ ವಿಶ್ವಾಸಿ, ತಮ್ಮಲ್ಲಿ ವಿಶ್ವಾಸವಿಟ್ಟೇ ಕೆಟ್ಟವ,
ರವೀಂದ್ರ ಮೊಗೇರ

ತಾ.ಕ.: ಸಹಿ ಹಾಕಿ ಏಳುವಷ್ಟರಲ್ಲಿ ಮಡಗಾಂವಿನಿಂದ ಸಂದೇಶ ಬಂತು, ಮಗು ತಮ್ಮ ನೋಟೀಸಿಗೆ ಕಾಯಲಿಲ್ಲ. 'ಹೆಣ್ಣು. ಇಬ್ಬರೂ ಆರಾಮು' ಎಂಬುದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. "ಅದಾತು, ನನ್ ಮಗಳ ಮುಖ ಹ್ಯಾಂಗಿತ್ತು?" ಎಂದು ಕೇಳಿದಳು. ಸಂದೇಶದಲ್ಲಿ ಅದು ಇರಲಿಲ್ಲ. ಈ ಪ್ರಶ್ನೆಗೆ ತಮ್ಮ ಸಹಾಯವಾಣಿಯಲ್ಲಿ ಯಾವ ಅಂಕಿ ಒತ್ತಬೇಕೆಂದು ತಿಳಿಸಿದರೆ ಅಮ್ಮನೇ ಒತ್ತುತ್ತಾಳೆ. ಓದು ಬಾರದಿದ್ದರೂ ಅವಳಿಗೆ ಅಂಕಿ ಗೊತ್ತು.