ಬಚ್ಚಲ ಒಲೆಯಲ್ಲಿ ಗ್ರಾನೈಟು

ದುರ್ಗದಲ್ಲಿ ಕಲ್ಲಿನ ಜ್ಞಾನವುಳ್ಳ ಮಹನೀಯರು ಇಬ್ಬರೇ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಒಬ್ಬರು ಕಲ್ಲು ಪರೀಕ್ಷೆಗೆ ಬಂದಿದ್ದ ಇಂಗ್ಲಿಷ್ ದೊರೆ. ಇನ್ನೊಬ್ಬ ಅವರ ದುಭಾಷಿಯಾದ ನಾನು!

ಹಿರಿಯೂರಿನ ದಾರಿಯಲ್ಲಿ ದೊರೆ ಒಂದು ಪಟ್ಟೆಪಟ್ಟೆ ಬಂಡೆ ತೋರಿಸಿ ವಿವರಿಸಿದರು. ಇಂಥ ಕಲ್ಲು ಭೂಮಿಯೊಳಗೆ ಕಾಯುತ್ತ ಹೋದರೆ ಮೊದಲು ಬಿಳಿ ಪಟ್ಟೆ ಕರಗುತ್ತದಂತೆ, ಕರಿ ಪಟ್ಟೆ ಹಾಗೇ ಉಳಿಯುತ್ತದಂತೆ. ಕರಗಿದ್ದು ಎಳೆಎಳೆಯಾಗಿ ಹರಿದು, ಒಂದೆಡೆ ಕೂಡಿ, ಮೆಲ್ಲಗೆ ಆರಿದರೆ ಗ್ರಾನೈಟು! ಆಮೇಲೂ ಏನೋ ಹೇಳಿದರು. ಆ ಹೊತ್ತಿಗೆ ನಾನು ನಸ್ಯ ಏರಿಸಿ ಸೀನುತ್ತಿದ್ದೆ.

ಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ಗೊಣಗುತ್ತಿದ್ದಳು. "ಏನ್ರೀ, ಈ ರುಬ್ಬೋ ಗುಂಡು ಉದುರ್ತಾ ಐತೆ. ದೋಸೆ ತುಂಬಾ ಬರೀ ಕಲ್ಲು!"

ನೋಡಿದೆ. ಪಟ್ಟೆಪಟ್ಟೆ ಕಲ್ಲು! ಬಾಗೂರಿನಿಂದ ಮಾವನವರೇ ಗಾಡಿಯಲ್ಲಿ ತಂದುಕೊಟ್ಟ ಬಳುವಳಿ.

"ಚಿಂತೆ ಬಿಡು. ಗಟ್ಟಿ ಗ್ರಾನೈಟು ಮಾಡಿಕೊಡ್ತೀನಿ" ಎಂದು ಘೋಷಿಸಿದೆ.

ಅಂದೇ ಮಾವನವರು ಬಂದಿಳಿದರು. ಅವರ ಸ್ನಾನಕ್ಕೆಂದು ಬಚ್ಚಲ ಒಲೆ ಧಗಧಗ ಉರಿಯುತ್ತಿತ್ತು. ಭೂಗರ್ಭಕ್ಕೆ ಇದಕ್ಕಿಂತ ಹತ್ತಿರದ ಸ್ಥಳ ನಮ್ಮ ಮನೆಯಲ್ಲಿರಲಿಲ್ಲ. ಗುಂಡನ್ನು ಒಲೆಯೊಳಗೆ ಉರುಳಿಸಿದೆ. ಕೆಂಪಗಾಯಿತು. ಬಿಳಿ ಪಟ್ಟೆ ಹೊಳೆದಂತೆ ಕಂಡಿತು.

"ಕರಗ್ತಾ ಐತೆ!" ಎಂದು ಕೂಗಿ ಇನ್ನಷ್ಟು ಸೌದೆ ತುರುಕಿದೆ. ಹಂಡೆಯ ಪಕ್ಕದಲ್ಲೇ ಮಾವನವರು ಕಣ್ಣು ಮುಚ್ಚಿ ತಲೆಗೆ ಸೀಗೆಪುಡಿ ತಿಕ್ಕಿಕೊಳ್ಳುತ್ತಿದ್ದರು.

ಢಮಾರ್!

ಗುಂಡು ಸಿಡಿಯಿತು. ಹಂಡೆ ತೂತಾಯಿತು. ನೀರೆಲ್ಲ ಒಲೆಗೆ ಸುರಿದು ಬಚ್ಚಲು ಹೊಗೆಯಲ್ಲಿ ಮುಳುಗಿತು. ಅದರೊಳಗಿಂದ ಮಾವನವರು ಒದ್ದೆ ಪಂಚೆಯನ್ನು ಬಿಗಿಯಾಗಿ ಹಿಡಿದು ಬೀದಿಗೇ ಓಡಿದರು. ಅಡಿಯಿಂದ ಮುಡಿಯವರೆಗೆ ಬೂದಿ. ಅಂದು ಅವರಿಗೆ ಬೇರೆ ವಿಭೂತಿಯ ಅಗತ್ಯವೇ ಬೀಳಲಿಲ್ಲ!

ನಾನು ದೊರೆಯ ಡೇರೆಗೆ ಓಡಿದೆ. "ಮೈಲಿಗಟ್ಟಲೆ ಆಳದಲ್ಲಿ, ಲಕ್ಷಾಂತರ ವರ್ಷ ಎಂದು ಆಗಲೇ ಹೇಳಿದೆನಲ್ಲ?" ಎಂದರು ಅವರು.

ಬಂದು ಮಾವನವರಿಗೆ ವಿಷಯ ನಿವೇದಿಸಿದೆ.

"ಹಂಗಾರೆ ನೀವು ಕಾಯ್ತಾ ಕುಂತ್ಕಳ್ರಿ ಅಳಿಯಂದ್ರೆ. ನಾನು ಮಿಂದಿದ್ದು ಸಾಕು" ಎಂದು ಅವರು ಗಾಡಿ ಹತ್ತಿದರು.

ಗೌರಮ್ಮ ದೋಸೆಗೆ ನೆನೆಸಿದ ಅಕ್ಕಿಯ ಪಾತ್ರೆಯನ್ನು ನನ್ನ ಕೈಗಿತ್ತು ಪಕ್ಕದ ಮನೆಯ ಕಡೆ ಬೆರಳು ತೋರಿಸಿದಳು. ಅಲ್ಲಿಯ ಅಜ್ಜಿ ನಕ್ಕು ಒರಳಿನ ಮುಂದೆ ಮಣೆ ಹಾಕಿದರು.

"ಬರ್ರಿ, ರುಬ್ರಿ. ನಮ್ಮ ಗುಂಡು ಮಾತ್ರ ಕರಗಿಸಬ್ಯಾಡ್ರಿ!"

ದುರ್ಗದ ಶಿಲಾಪಂಡಿತನಾದ ನಾನು ಸಂಜೆಯವರೆಗೂ ರುಬ್ಬಿದೆ. ರಟ್ಟೆ ಬಿದ್ದುಹೋಯಿತು. ಹಿಟ್ಟು ಮಾತ್ರ ನುಣ್ಣಗಾಗಲಿಲ್ಲ!