ಅಮ್ಮನ ತಲೆಯ ಹಿಂದಿನ ಬೆಳಕು

ಕೆಲವರಿಗೆ ಹೋದಲ್ಲೆಲ್ಲ ಮದುವೆ, ನಾಮಕರಣ, ಗೃಹಪ್ರವೇಶ ಗಂಟುಬೀಳುತ್ತವೆ. ನನಗೆ ಗಂಟುಬೀಳೋದು ಆಸ್ಪತ್ರೆ, ತಿಥಿ, ಹನ್ನೊಂದನೇ ದಿನದ ಕಾರ್ಯ. ಹಾಗಂತ ನಾನು ಪುರೋಹಿತನಲ್ಲ, ಹೆಣದ ಗಾಡಿ ಓಡಿಸೋನೂ ಅಲ್ಲ. ಕಂಪ್ಯೂಟರಿನಲ್ಲಿ ಮಾಡೋ ಅನಿಮೇಷನ್ ಚಿತ್ರಗಳಿಗೆ ಬೆಳಕು ಹಾಕೋದನ್ನ ಕಲಿಯಕ್ಕೆ ಹೋದವನು. ಬೆಳಗ್ಗೆ ಗುಬ್ಬಿಯಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ತುಮಕೂರಿನ ಸದಾಶಿವನಗರದಲ್ಲಿ ಕ್ಲಾಸು, ನಡುವೆ ವಾರಕ್ಕೆರಡು ಸಲ ಅಮ್ಮನನ್ನ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗೋದು. ಇಂಥಾ ಬಾಳಿನಲ್ಲಿ ನಗೋ ಪ್ರಸಂಗ ಎಲ್ಲಿಂದ ಬರಬೇಕು ಅಂತೀರಾ? ಬಂದವು. ಬೇಡ ಬೇಡ ಅಂದರೂ ಬಾಗಿಲು ತಳ್ಳಿಕೊಂಡು ಬಂದವು.

ಬೂದು ಚೆಂಡು

ಕ್ಲಾಸಿಗೆ ಸೇರಿದ ಮೇಲೆ ಆನೆ, ಹುಲಿ, ರಾಕೆಟ್ಟು ಏನಾದ್ರೂ ಕೊಡ್ತಾರೆ ಅಂದುಕೊಂಡಿದ್ದೆ. ನಮ್ಮ ಮೇಷ್ಟ್ರು ಕೊಟ್ಟಿದ್ದು ಒಂದು ಬೂದು ಬಣ್ಣದ ಚೆಂಡು. "ಇದಕ್ಕೆ ಬೆಳಕು ಹಾಕ್ರಿ. ಮುಂದೊಂದು ಜೋರು ಬೆಳಕು, ಪಕ್ಕಕ್ಕೊಂದು ಮೆತ್ತಗಿಂದು, ಬೆನ್ನ ಹಿಂದೆ ಒಂದು. ಬೆನ್ನ ಹಿಂದಿನ ಬೆಳಕು ಅಂಚಿನಲ್ಲಿ ಮಾತ್ರ ಹೊಳೀಬೇಕು, ಆವಾಗ ವಸ್ತು ಗೋಡೆ ಬಿಟ್ಟು ಎದ್ದು ಬರ್ತದೆ," ಅಂದರು. ಆಮೇಲೆ ಕಂಪಾಸಿಟಿಂಗ್ ಅಂತ ಇನ್ನೊಂದು. ಬೇರೆ ಬೇರೆ ಮಾಡಿದ ಚಿತ್ರಗಳನ್ನ ಒಂದರ ಮೇಲೊಂದು ಕೂರಿಸಿ, ಎಲ್ಲ ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಇದ್ದವು ಅಂತ ನಂಬಿಸೋದು. ಒಬ್ಬಟ್ಟಿನ ಹೂರಣದ ಹಾಗೆ, ಎಲ್ಲೂ ಆಚೆ ಇಣುಕಬಾರದು.

ಅಮ್ಮ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ, ತೋಳಿಗೆ ನಳಿಕೆ ಚುಚ್ಚಿಸಿಕೊಂಡು ಕೇಳೋಳು.

"ಇವತ್ತೇನ್ ಕಲಿಸಿದ್ರು ಮಗ?"

"ಚೆಂಡು."

"ನಿನ್ನೆ?"

"ಚೆಂಡು."

"ಅದೇ ಚೆಂಡಾ?"

"ಅದೇ ಚೆಂಡು. ನೆರಳು ಬೇರೆ."

ಫೋನಿನಲ್ಲಿ ತೋರಿಸಿದೆ. ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ಪಕ್ಕದ ಹಾಸಿಗೆಯ ಹೆಂಗಸಿಗೆ ಫೋನು ಚಾಚಿ, "ನೋಡಿ ಅಕ್ಕ, ನನ್ನ ಮಗ ತುಮಕೂರಿಗೆ ಬಂದು ತಿಂಗಳಿಂದ ಒಂದೇ ಮುದ್ದೆ ಕಟ್ತಾ ಅವ್ನೆ," ಅಂದಳು. ಅವರು ನಕ್ಕ ರಭಸಕ್ಕೆ ಮೆಷಿನ್ ಕುಂಯ್ ಕುಂಯ್ ಅಂತ ಬಡಕೊಂಡು ನರ್ಸು ಓಡಿ ಬಂದರು.

ನರ್ಸು ಅತ್ತ ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಲೇ, ಒಂದು ಮಾತು. ನಾನು ಹೋದ್ಮೇಲೆ ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸ್ ಕಟ್ತೀರಲ್ಲ, ಅದಕ್ಕೆ ಆಧಾರ್ ಕಾರ್ಡಿನ ಫೋಟೋ ಹಾಕ್ಬೇಡ ಕಣ್ಲಾ."

"ಸುಮ್ಕಿರಮ್ಮ, ನೀನೆಲ್ಲಿಗೂ ಹೋಗಲ್ಲ," ಅಂದೆ.

"ಆ ಮಾತೆಲ್ಲ ಬುಡು. ನನ್ನದು ಅಂತ ಇನ್ನೊಂದು ಫೋಟೋ ಎಲ್ಲೈತೆ? ಮದ್ವೆ ಫೋಟೋದಲ್ಲಿ ಕಣ್ಣು ಮುಚ್ಚಿದೀನಿ. ಮಿಕ್ಕಿದ್ದರಲ್ಲೆಲ್ಲ ಪಾತ್ರೆ ಹಿಡ್ಕೊಂಡು ಯಾರದೋ ಹಿಂದಿದೀನಿ. ಚೆಂಡಿಗೆ ಹಾಕೋ ಬೆಳಕು ನನ್ನ ಮುಖಕ್ಕೂ ಒಂದಿಷ್ಟು ಹಾಕು. ಆ ಆಧಾರ್ ಫೋಟೋದಲ್ಲಿ ನಾನು ಕೋಳಿ ಕದ್ದು ಸಿಕ್ಕಾಕ್ಕೊಂಡೋಳ ಥರ ಇದೀನಿ."

ಕುಣಿಗಲ್ಲಿನ ಅಜ್ಜ

ಚೆಂಡು ಮುಗಿದ ಮೇಲೆ ಮೇಷ್ಟ್ರು ನನಗೆ ಒಂದು ನಿಜವಾದ ಕೆಲಸ ಕೊಟ್ಟರು. ಕುಣಿಗಲ್ಲಿನ ಒಂದು ಮನೆಯವರದು. ಹೊಸಾ ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶಕ್ಕೆ ಮುಂಚೆ ಯಜಮಾನರು ತೀರಿಕೊಂಡಿದ್ದಾರೆ. ಗೃಹಪ್ರವೇಶದ ವೀಡಿಯೋದಲ್ಲಿ ಅಜ್ಜ ಹೊಸಲು ದಾಟಿ ಒಳಗೆ ನಡೆದು ಬರಬೇಕು, ಅಷ್ಟೆ ಅವರ ಆಸೆ.

ಹಳೇ ಫೋಟೋಗಳನ್ನ ಇಟ್ಟುಕೊಂಡು ಅಜ್ಜನನ್ನ ಕಂಪ್ಯೂಟರಿನಲ್ಲಿ ಎಬ್ಬಿಸಿದ್ದಾಯ್ತು. ನಾನು ಬೆಳಕು ಕೂರಿಸಿದೆ. ಬಾಗಿಲಿನ ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು, ಅಜ್ಜನ ನೆರಳನ್ನ ಅದಕ್ಕೆ ತಕ್ಕ ಹಾಗೆ ರಂಗೋಲಿಯ ಮೇಲೆ ಎಳೆದೆ. ನೆರಳಿಲ್ಲದಿದ್ದರೆ ಮನುಷ್ಯ ನೆಲಕ್ಕೆ ಅಂಟಲ್ಲ, ಇದು ಮೇಷ್ಟ್ರ ಮೊದಲನೇ ಪಾಠ. ನನಗೇ ಹೆಮ್ಮೆಯಾಯಿತು. ಲ್ಯಾಪ್‌ಟಾಪ್ ಹಿಡಿದುಕೊಂಡು ಕುಣಿಗಲ್ಲಿಗೆ ಹೋದೆ.

ಹಿರೀ ಮಗ ನೋಡಿದವರೇ ಗುರ್ ಅಂದರು. "ಏನ್ರೀ ಇದು? ನೆರಳು ಯಾಕ್ ಹಾಕಿದೀರ? ಸತ್ತೋರಿಗೆ ನೆರಳಿರ್ತದೇನ್ರೀ? ನಾಳೆ ಊರೋರು ಏನಂತಾರೆ?"

"ಸಾರ್, ನೆರಳು ತೆಗೆದ್ರೆ ಅಜ್ಜ ತೇಲ್ತಾರೆ."

"ತೇಲ್ಲಿ ಬುಡಿ. ಮೊದ್ಲು ನೆರಳು ತೆಗೀರಿ."

ಅಲ್ಲೇ ಕೂತು ತೆಗೆದೆ. ತೆಗೆದ ಮೇಲೆ ಅಜ್ಜ ಹೊಸಲಿನ ಮೇಲೆ ಗೇಣುದ್ದ ಗಾಳಿಯಲ್ಲಿ, ಅತ್ತ ಒಂದು ಹೆಜ್ಜೆ ಇತ್ತ ಒಂದು ಹೆಜ್ಜೆ, ತೂರಾಡಿಕೊಂಡು ಬಂದರು. ನನ್ನ ಮಾನ ಹೋಯಿತು ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಕ್ಕೆ ಹೋದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಮುಚ್ಬೇಡ ಕಣಪ್ಪ. ಇದೇ ಸರಿಯಾಗೈತೆ. ದಿನಾ ಸಂಜೆ ಕುಡ್ಕೊಂಡು ಮನೆಗೆ ಬರ್ತಿದ್ದುದು ಹಿಂಗೇಯ."

ಅರ್ಥವಾದವರು ಕೈ ಎತ್ತಿ

ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯವರು ಕೆಲಸಗಾರರಿಗೆ ತೋರಿಸಕ್ಕೆ ಸುರಕ್ಷತೆಯ ಅನಿಮೇಷನ್ ಕೇಳಿದರು. ತಗಡು ಒತ್ತುವ ಮೆಷಿನ್ನಿಗೆ ಕೈ ಕೊಟ್ಟರೆ ಏನಾಗ್ತದೆ ಅಂತ ತೋರಿಸಬೇಕು. ಕತ್ತಲು ಕತ್ತಲಾದ ಶೆಡ್ಡು, ಮೆಷಿನ್ನಿನ ಬಾಯಿಗೆ ಮಾತ್ರ ಒಂದು ಕೆಂಪು ಬೆಳಕು, ಅದಕ್ಕೆ ಕೈ ಕೊಟ್ಟು ಚೀರೋ ಒಬ್ಬ ಆಳು. ನೋಡಿದವರ ಎದೆ ಧಸಕ್ ಅನ್ನೋ ಹಾಗೆ ಮಾಡಿದ್ದೆ.

ಮ್ಯಾನೇಜರು ನೋಡಿ, "ರಕ್ತ ಕಮ್ಮಿ ಮಾಡಿ," ಅಂದರು. ಮಾಡಿದೆ. "ಶೆಡ್ಡು ಇಷ್ಟು ಕತ್ತಲೆ ಬೇಡ, ನಮ್ಮಲ್ಲಿ ಟ್ಯೂಬ್‌ಲೈಟ್ ಇಲ್ಲ ಅಂದ್ಕೊಂಡಾರು." ಬೆಳಕು ಮಾಡಿದೆ. "ಮೆಷಿನ್ ಹೊಸಾದು, ಫಳಫಳ ಅನ್ಲಿ." ಅನ್ನಿಸಿದೆ. ಕೊನೆಗೆ, "ಆ ಆಳಿನ ಮುಖದಲ್ಲಿ ನೋವು ಜಾಸ್ತಿ ಕಾಣ್ತದೆ, ಆಳನ್ನೇ ತೆಗೆದುಬಿಡಿ," ಅಂದರು. ಬೇರೆ ಬೇರೆ ಪದರವಾಗಿ ಕೂರಿಸಿದ್ದ ಚಿತ್ರ, ಆಳಿನ ಪದರ ಎತ್ತಿದರೆ ಆಯಿತು. ಎತ್ತಿದೆ. ಉಳಿದದ್ದು ಖಾಲಿ ಶೆಡ್ಡಿನಲ್ಲಿ ಮದುಮಗಳ ಹಾಗೆ ಹೊಳೆಯುತ್ತಾ ನಿಂತ ಮೆಷಿನ್ನು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೆ ಕೇಳೋರ್ಯಾರು?

ಕೆಲಸಗಾರರನ್ನ ನೆಲದ ಮೇಲೆ ಕೂರಿಸಿ ತೋರಿಸಿದರು. ಮುಗಿದ ಮೇಲೆ ಮ್ಯಾನೇಜರು ಎದ್ದು ನಿಂತು, "ಎಲ್ಲಾರ್ಗೂ ಅರ್ಥ ಆಯ್ತಾ? ಆದೋರು ಕೈ ಎತ್ತಿ," ಅಂದರು. ಒಬ್ಬರೂ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಅದರಲ್ಲಿ ಎರಡು ಬೆರಳಿರಲಿಲ್ಲ.

"ನಂಗೆ ಪಿಚ್ಚರ್ ನೋಡಕ್ಕೆ ಮುಂಚೇನೇ ಅರ್ಥ ಆಗಿತ್ತು ಸಾರ್," ಅಂದ ಆತ.

ಸ್ವಲ್ಪ ಬೇಗ

ಅಷ್ಟರಲ್ಲಿ ಅಮ್ಮನ ಮುಖ ಊದಿಕೊಳ್ಳೋದು ಹೆಚ್ಚಾಯಿತು. ಡಾಕ್ಟರು ನನ್ನನ್ನ ಆಚೆ ಕರೆದು ಮೆತ್ತಗೆ ಮಾತಾಡಿದರು. ಫೋಟೋ ಇನ್ನು ತಡ ಮಾಡಬಾರದು ಅಂತ ಗೊತ್ತಾಯಿತು.

ಅಮ್ಮ ನೀಲಿ ರೇಷ್ಮೆ ಸೀರೆ ಉಟ್ಟು ಕಿಟಕಿ ಪಕ್ಕ ಕೂತಳು. ಇನ್ನೊಂದು ಕಡೆಗೆ ಅಪ್ಪನ ಹಳೇ ಬಿಳೀ ಪಂಚೆ ಇಳಿಬಿಟ್ಟೆ, ಬೆಳಕು ಅದಕ್ಕೆ ತಾಗಿ ಮುಖದ ಮೇಲೆ ಬೀಳಲಿ ಅಂತ. ಅಪ್ಪ ಹೋಗಿ ವರ್ಷಗಳಾದವು; ಪಂಚೆಯಾದರೂ ಉಪಯೋಗಕ್ಕೆ ಬಂತು ಅಂದಳು. ಸೂಜಿ ಚುಚ್ಚಿ ಗಂಟುಗಂಟಾದ ತೋಳನ್ನ ಸೆರಗಿನಲ್ಲಿ ಮುಚ್ಚಿಕೊಂಡಳು.

"ಬೆಳ್ಳಗೆ ಬರ್ಬೇಕು ಕಣ್ಲಾ, ಹೇಳಿದೀನಿ."

"ನೀನಿರೋ ಬಣ್ಣಕ್ಕೇನಾಗಿದೆಯಮ್ಮ?"

"ಇರೋ ಬಣ್ಣ ಇಷ್ಟು ವರ್ಷ ಎಲ್ಲಾರೂ ನೋಡಿಲ್ವಾ?"

ಕ್ಲಾಸಿನ ಕ್ಯಾಮೆರಾದಲ್ಲಿ ಫೋಟೋ ತೆಗೆದು, ಅಲ್ಲಿನ ಕಂಪ್ಯೂಟರಿನಲ್ಲೇ ಕೂತು ಕಲಿತದ್ದನ್ನೆಲ್ಲ ಸುರಿದೆ. ಹಿಂದೆ ಸಂಜೆ ಹೊತ್ತಿನ ನಮ್ಮ ಮನೆ ಗೋಡೆ ಕೂರಿಸಿದೆ. ತಲೆಯ ಹಿಂದಿನಿಂದ ಒಂದು ಬೆಳಕು ಕೊಟ್ಟೆ; ಕೂದಲಿನ ಅಂಚು ಚಿನ್ನದೆಳೆಯ ಹಾಗೆ ಹೊಳೆಯಿತು. ಮೇಷ್ಟ್ರು ನೋಡಿ, "ಈಗ ನೀನು ಕಲಿತೆ," ಅಂದರು. ಚಿಕ್ಕದೊಂದು ಪ್ರಿಂಟ್ ತೆಗೆದುಕೊಂಡರಾಯಿತು ಅಂತ ಅದನ್ನ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿಗೆ ಹಾಕಿಟ್ಟು, ಅಮ್ಮನನ್ನ ಕರ್ಕೊಂಡು ಆಸ್ಪತ್ರೆಗೆ ಹೋದೆ.

ಇಲ್ಲೇ ಎಡವಟ್ಟಾಗಿದ್ದು. ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಗಳಲ್ಲಿ ಒಂದು ಪದ್ಧತಿ ಉಂಟು. ಹುಟ್ಟುಹಬ್ಬದವರಿಗೆ ಹಿಂದೆ ಹೂವು, ಚುನಾವಣೆಗೆ ನಿಂತವರಿಗೆ ಹಿಂದೆ ಜನ. ತಲೆಯ ಹಿಂದೆ ಬೆಳಕು ಬಂತು ಅಂದರೆ ಆಸಾಮಿ ಹೋದ ಅಂತಲೇ ಲೆಕ್ಕ. ನಮ್ಮ ಓನರು ಒಳ್ಳೇ ಮನುಷ್ಯ. ಕಂಪ್ಯೂಟರ್ ತೆರೆದರೆ ನನ್ನ ಅಮ್ಮ, ತಲೆಯ ಹಿಂದೆ ಬೆಳಕು. ನನಗೆ ಫೋನ್ ಮಾಡಿದ್ದಾರೆ, ಆಸ್ಪತ್ರೆಯಲ್ಲಿ ನನ್ನ ಫೋನ್ ಚಾರ್ಜಿಲ್ಲದೆ ಆಫಾಗಿತ್ತು. ಅವರಿಗೆ ಇನ್ನೇನು ಅನುಮಾನ? ಗಳಗಳ ಅತ್ತು, ಎರಡೂ ಕಡೆ ದೀಪ ಸೇರಿಸಿ, 'ಮತ್ತೆ ಹುಟ್ಟಿ ಬಾ ತಾಯಿ' ಅಂತ ಬರೆದು, ತಾವೇ ಏಣಿ ಹತ್ತಿ ಬಸ್‌ಸ್ಟ್ಯಾಂಡಿನ ಮುಂದೆ ಕಟ್ಟಿಬಿಟ್ಟಿದ್ದರು.

ಸಂಜೆ ನಾವು ತುಮಕೂರಿನಿಂದ ಬಂದು ಬಸ್ಸಿಳಿದೆವು. ಹೂ ಮಾರೋಳು ಅಮ್ಮನನ್ನ ನೋಡಿ, "ಅಯ್ಯಯ್ಯೋ!" ಅಂತ ಬುಟ್ಟಿ ಬಿಟ್ಟು ಓಡಿದಳು. ತಲೆಯೆತ್ತಿದೆ. ಮೇಲೆ ಅಮ್ಮ, ಎರಡೂ ಕಡೆ ದೀಪ. ಅಮ್ಮನ ಕಣ್ಣು ಮುಚ್ಚೋಣ ಅಂದರೆ ಆಗಲೇ ಫ್ಲೆಕ್ಸಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ. ಓನರು ಅಂಗಡಿಯಿಂದ ಓಡಿ ಬಂದವರೇ ದೊಪ್ಪನೆ ಅವಳ ಕಾಲಿಗೆ ಬಿದ್ದರು.

"ಏಳಪ್ಪ, ಏಳು. ತಪ್ಪೇನಿಲ್ಲ, ಸ್ವಲ್ಪ ಬೇಗ ಕಟ್ಟಿದ್ದೀಯ," ಅಂದಳು ಅಮ್ಮ. ಮತ್ತೆ ತಲೆಯೆತ್ತಿ ನೋಡಿದಳು. ತನ್ನ ಮುಖವನ್ನ ಅಷ್ಟು ದೊಡ್ಡದಾಗಿ ಅವಳು ಯಾವತ್ತೂ ನೋಡಿರಲಿಲ್ಲ. "ಚೆನ್ನಾಗ್ ಬಂದೈತೆ ಕಣ್ಲಾ ಮಗ. ಬಿಚ್ಚಿ ಸುತ್ತಿ ಕೊಡಕ್ಕೇಳು. ಹರಿದುಗಿರಿದಾರು, ಹುಷಾರು. ನಾಳೆ ನಾಡಿದ್ದು ಬೇಕಾಗ್ತೈತೆ."

ಬಿಸಿಲು

ಬೇಕಾಯಿತು. ಆಷಾಢದ ಗಾಳಿ ಶುರುವಾದಾಗ ಅಮ್ಮ ಹೋದಳು. ಆ ದಿನದ ಬಗ್ಗೆ ಬರೆಯಕ್ಕೆ ನನ್ನಿಂದಾಗಲ್ಲ, ಬಿಡಿ.

ಮಾವ, ಅಮ್ಮನ ತಮ್ಮ, ಬಂದವರೇ, "ಆಧಾರ್ ಕಾರ್ಡ್ ಕೊಡೋ, ಫ್ಲೆಕ್ಸಿಗೆ ಫೋಟೋ ಬೇಕು," ಅಂದರು. "ಆ ಕಾರ್ಡ್ ಮುಟ್ಟಿದ್ರೆ ಸರಿಯಿರಲ್ಲ!" ಅಂತ ಹಿರಿಯರು ಅನ್ನೋದನ್ನೂ ಮರೆತು ಕೂಗಿದೆ. ಆದರೆ ಫ್ಲೆಕ್ಸ್ ಎಲ್ಲಿ? ಅಟ್ಟ ಹುಡುಕಿದೆ, ಟ್ರಂಕು ಹುಡುಕಿದೆ, ಮಂಚದಡಿ ಹುಡುಕಿದೆ. ಇಲ್ಲ. ಅಂಗಡಿಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿತ್ತು. ಕ್ಲಾಸಿನಲ್ಲಿ ಜಾಗ ಸಾಲದೆ ಹಳೇ ಕೆಲಸವನ್ನೆಲ್ಲ ಅಳಿಸಿದ್ದರು. ಅಷ್ಟು ಕಲಿತು, ಅಷ್ಟು ಮಾಡಿ, ಅವಳು ಕೇಳಿದ್ದ ಒಂದೇ ಒಂದು ಮಾತು ನಡೆಸಿಕೊಡಕ್ಕಾಗಲಿಲ್ಲವಲ್ಲ ಅಂತ ಹಿತ್ತಲ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ಪಕ್ಕದ ಮನೆಯ ಅಕ್ಕ ಬಂದು ಭುಜ ಮುಟ್ಟಿದರು. "ಏನಪ್ಪ ಹುಡುಕ್ತಿದೀಯ? ಆ ಫ್ಲೆಕ್ಸಾ? ಅಲ್ಲೈತಲ್ಲ."

ಹಿತ್ತಲಲ್ಲಿ ಸೌದೆ, ತೆಂಗಿನ ಮಟ್ಟೆಗಳ ರಾಶಿ. ಮಳೆಗೆ ನೆನೆಯದಿರಲಿ ಅಂತ ಅದರ ಮೇಲೆ ಫ್ಲೆಕ್ಸ್ ಹೊದಿಸಿ, ಸುತ್ತ ಕಲ್ಲು ಹೇರಿದ್ದಳು ಮಹಾತಾಯಿ. ಮೇಲೆ ಕಾಣುತ್ತಿದ್ದದ್ದು ಅದರ ಬರೀ ಬಿಳೀ ಬೆನ್ನು. ಬಿಸಿಲು, ಕೋಳಿ ಪಿಕ್ಕೆ ಎಲ್ಲ ಆ ಕಡೆಗೇ. ಕಲ್ಲು ಸರಿಸಿ ಮಗುಚಿ ಹಾಕಿದೆ. ಅಮ್ಮನ ಮುಖ ಒಂದು ಗೀರೂ ಇಲ್ಲದೆ, ಕೂದಲಿನ ಅಂಚು ಹೊಳೆಯುತ್ತಾ, ಹಾಗೇ ಇತ್ತು.

ಅಕ್ಕ ಅಳುತ್ತಲೇ ನಕ್ಕರು. "ಯಾಕಕ್ಕ ಉಲ್ಟಾ ಹಾಕ್ತಿದೀಯ ಅಂತ ನಾನು ಅವತ್ತೇ ಕೇಳ್ದೆ ಕಣಪ್ಪ. 'ಮುಖ ಮೇಲೆ ಮಾಡಿದ್ರೆ ಬಿಸಿಲಿಗೆ ಕರ್ರಗಾಗೋಗ್ತೀನಿ ಕಣೇ, ಆಮೇಲೆ ನನ್ನ ಮಗ ಮತ್ತೆ ಆ ಮುದ್ದೆಯಿಂದ ಶುರು ಮಾಡ್ಬೇಕು' ಅಂದ್ಲು."