ಮಾವನ ಕೋವಿ ಪಾಠ

ನನ್ನ ದೊಡ್ಡಮಾವನ ಬಳಿ ಲೈಸೆನ್ಸಿನ ಕೋವಿ ಇದೆಯೆಂಬುದು ಬಜಗೋಳಿಯ ಕಾಡುಹಂದಿಗಳಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅವು ಕಿಂಚಿತ್ತೂ ಹೆದರುತ್ತಿರಲಿಲ್ಲ! ಹೆದರುತ್ತಿದ್ದವರು ನಾವು, ಬೇಸಿಗೆ ರಜೆಗೆಂದು ಉಡುಪಿಯ ಬನ್ನಂಜೆಯಿಂದ ಹೋಗುತ್ತಿದ್ದ ಮಕ್ಕಳು.

"ಮನೆಯಲ್ಲಿ ಕೋವಿ ಉಂಟು ಅಂದ ಮೇಲೆ ಮಕ್ಕಳಿಗೆ ಅದರ ಬುದ್ಧಿ ಗೊತ್ತಿರಬೇಕು" ಎಂಬುದು ಮಾವನ ಸಿದ್ಧಾಂತ. ಸರಿ, ಬೆಳಿಗ್ಗೆ ದೋಸೆ ತಿಂದ ಕೂಡಲೇ ಜಗಲಿಯಲ್ಲಿ ಸಾಲಾಗಿ ನಿಲ್ಲಬೇಕು. ಕೈಗೆ ಸಿಗುತ್ತಿದ್ದುದು ಕೋವಿಯಲ್ಲ, ಕಡ್ಡಿ ಮುರಿದ ಹಳೆಯ ಕೊಡೆ!

"ಬಾಯಿ ಎಲ್ಲಿ?"

"ನೆಲಕ್ಕೆ, ಮಾವ!"

"ಬೆರಳು?"

"ಕುದುರೆಯ ಹೊರಗೆ, ಮಾವ!" ಕುದುರೆಯೆಂದರೆ ಗುಂಡು ಹಾರಿಸಲು ಎಳೆಯುವ ಕೊಕ್ಕೆ.

"ತುಂಬಿದೆಯೋ, ಖಾಲಿಯೋ?"

"ಯಾವಾಗಲೂ ತುಂಬಿದೆ, ಮಾವ!"

ನಿಜವಾದ ಕೋವಿ ಯಾವಾಗ ಎಂದು ಕೇಳಿದರೆ, "ಮೊದಲು ಕೊಡೆಯಲ್ಲಿ ಪಾಸಾಗು" ಎನ್ನುತ್ತಿದ್ದರು. ಪಾಸಾಗಲು ನನಗೆ ಮೂರು ಬೇಸಿಗೆ ಬೇಕಾಯಿತು. ಅಷ್ಟರಲ್ಲಿ ಪಾಠ ಎಷ್ಟು ತಲೆಗೇರಿತ್ತೆಂದರೆ, ಉಡುಪಿ ಬಸ್ಸು ನಿಲ್ದಾಣದಲ್ಲಿ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ನಿಂತಿದ್ದ ಹಿರಿಯರೊಬ್ಬರಿಗೆ, "ಬಾಯಿ ಕೆಳಗೆ ಮಾಡಿ, ತುಂಬಿದೆ!" ಎಂದು ಕಿರುಚಿದ್ದೆ. ಪಾಪ, ಅವರು ಬಾಯಿ ಒರೆಸಿಕೊಂಡರು.

ಅತ್ತೆಯೂ ಈ ಶಾಲೆಯಿಂದ ತಪ್ಪಿಸಿಕೊಳ್ಳಲಿಲ್ಲ. ಬಡಿಸುವಾಗ ಸೌಟು ಯಾರ ಕಡೆಗೋ ತಿರುಗಿದರೆ, "ಕೆಳಗೆ ಮಾಡು, ಕೆಳಗೆ ಮಾಡು!" ಎಂದು ಮಾವ ಎಚ್ಚರಿಸುತ್ತಿದ್ದರು.

"ಕೆಳಗೆ ಮಾಡಿದ್ರೆ ಸಾರು ನಿಮ್ಮ ಪಂಚೆ ಮೇಲೆ ಬೀಳ್ತದೆ, ಆಗಬಹುದಾ?" ಎಂದು ಅತ್ತೆ ಕೇಳಿದ ಮೇಲೆ ಆ ಪಾಠ ಅಲ್ಲಿಗೇ ನಿಂತಿತು.

ಇನ್ನು ಬೇಟೆ! ಗೆಣಸಿನ ಗದ್ದೆಗೆ ಹಂದಿ ನುಗ್ಗಿದೆಯೆಂದು ನೆರೆಯವರು ಓಡಿ ಬಂದರೆ, ಮಾವ ಹೋಗಿ ಆಚೆ ದನ ಉಂಟಾ, ಈಚೆ ಜನ ಉಂಟಾ ಎಂದು ವಿಚಾರಿಸುತ್ತ ನಿಲ್ಲುವರು. ವಿಚಾರಣೆ ಮುಗಿಯುವಷ್ಟರಲ್ಲಿ ಹಂದಿ ಒಂದು ಸಾಲು ಗೆಣಸು ಮುಗಿಸಿ ಹೊರಟಿರುತ್ತಿತ್ತು. ನೆರೆಯವರು ರೇಗಿದರೆ, "ಹಂದಿಯ ಹಿಂದೆ ಎಂತ ಉಂಟೆಂದು ಕಾಣದೆ ಗುಂಡು ಬಿಡುವುದು ಹೇಗೆ ಮಾರಾಯ್ರೆ?" ಎನ್ನುತ್ತಿದ್ದರು. ಹಂದಿಗಳು ಅವರನ್ನು ಹರಸಿರಬೇಕು.

ನಾನು ಕೊಡೆಯಲ್ಲಿ ಪಾಸಾದ ಬೇಸಿಗೆಯೇ ಅದು ನಡೆದದ್ದು. ಮಾವ ಕೋವಿಗೆ ತೋಟೆ ತುಂಬಿ ಗದ್ದೆಗೆ ಹೊರಟಿದ್ದರು. ಅಷ್ಟರಲ್ಲಿ ಹೆಬ್ರಿಯಿಂದ ಅವರ ಮಗಳ ಅತ್ತೆ-ಮಾವಂದಿರು ಮೊಮ್ಮಗಳನ್ನೂ ಕರೆದುಕೊಂಡು ಹೇಳದೆ ಕೇಳದೆ ಅಂಗಳಕ್ಕೆ ಬಂದುಬಿಟ್ಟರು. ಬೀಗರೆದುರು ಬರಿಮೈಯಲ್ಲಿ ಕೋವಿ ಹಿಡಿದು ನಿಲ್ಲುವುದೇ? ಮಾವ ಗಡಿಬಿಡಿಯಲ್ಲಿ ಒಳಗೋಡಿ, ಅಂಗಿ ತೊಟ್ಟು, ನೀರು ಬೆಲ್ಲ ಹಿಡಿದು ಜಗಲಿಗೆ ಬಂದರು. ಅವಸರದಲ್ಲಿ ಒರಗಿಸಿದ ಕೋವಿ ಬಾಗಿಲ ಹಿಂದೆಯೇ ಉಳಿಯಿತು.

ನಾನು ನೋಡುವಾಗ ಆ ನಾಲ್ಕು ವರ್ಷದ ಮೊಮ್ಮಗಳು ಅದರ ಮುಂದೆ ಕುಳಿತು ಕುದುರೆಗೆ ಬೆರಳು ಚಾಚಿದ್ದಳು. ಅವಳನ್ನು ಹಿಂದಕ್ಕೆ ಎಳೆದುಕೊಂಡೆ. ಕೋವಿ ಮುಟ್ಟಲಿಲ್ಲ. "ಮಾವಾ, ಕೋವಿ!" ಎಂದು ಕೂಗಿದೆ.

ಬೀಗರು ನಕ್ಕು, "ಖಾಲಿ ಇರಬಹುದು ಮಗಾ, ಹೆದರಬೇಡ" ಎಂದರು. ಮಾವ ಬಂದು ಬಾಯಿ ನೆಲಕ್ಕೆ ಮಾಡಿ ನಳಿಗೆ ಮಡಚಿ ತೆರೆದರು. ತೋಟೆ ಅವರ ಅಂಗೈಗೆ ಬಿತ್ತು.

"ತಪ್ಪು ನನ್ನದು" ಎಂದರು ಮಾವ, ಬೀಗರೆದುರಿಗೇ. ತೋಟೆಯನ್ನೂ ಕೋವಿಯನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತರು.

"ಹೆದರಿಕೆ ಆಯ್ತಾ ಮಗಾ?"

"ಹೂಂ."

"ನನಗೂ" ಎಂದವರು ಮೊಮ್ಮಗಳನ್ನೂ ನನ್ನನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತುಬಿಟ್ಟರು. ಎಷ್ಟು ಹೊತ್ತಾದರೂ ಬಿಡಲಿಲ್ಲ. ಉಸಿರು ಕಟ್ಟುತ್ತಿದ್ದರೂ ಬಿಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ.